ಎರಡು ಊರಿನ ಮಗಳು
(ಸಂಘದ ವಾರ್ಷಿಕ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಪಠ್ಯ)



'ಸಂಘರ್ಷ, ಮಹಿಳೆ ಮತ್ತು ಶಾಂತಿ' ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಮೊದಲು ಹಿಂಜರಿದೆ. ನಾನು ಈ ವಿಷಯದ ಪಂಡಿತೆಯಲ್ಲ. ಧಾರವಾಡದಲ್ಲಿ ಇತಿಹಾಸ ಓದಿ ಎಂ.ಎ. ಮಾಡಿಕೊಂಡವಳು, ಆಮೇಲೆ ಕೇಂದ್ರ ಸರಕಾರದ ಸೇವೆಗೆ ಸೇರಿ ಮೂವತ್ತು ವರ್ಷ ಕಾಗದಪತ್ರಗಳ ನಡುವೆ ಕಳೆದವಳು. ಆದರೆ ಆ ಸೇವೆಯ ಪೈಕಿ ಮೂರು ವರ್ಷ, 1999ರಿಂದ 2002ರವರೆಗೆ, ಈಶಾನ್ಯ ಭಾರತದಲ್ಲಿ ಇದ್ದೆ. ಅಲ್ಲಿ ಕಂಡದ್ದು, ಆಮೇಲೆ ಓದಿ ತಿಳಿದದ್ದು, ಇಷ್ಟನ್ನೇ ತಮ್ಮ ಮುಂದೆ ಇಡಬಲ್ಲೆ. ಇಲ್ಲಿ ಆಡುವ ಮಾತುಗಳು ನನ್ನ ಸ್ವಂತದವು, ಇಲಾಖೆಯವಲ್ಲ ಎಂಬುದನ್ನು ಆರಂಭದಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮಲ್ಲಿ ಒಂದು ಗಾದೆಯಿದೆ: 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು'. ಮದುವೆ ಮಾಡಿ ಕಳಿಸಿದ ಮೇಲೆ ಅವಳು ತವರಿನ ಲೆಕ್ಕಕ್ಕೆ ಸೇರಿದವಳಲ್ಲ. ಅತ್ತೆಯ ಮನೆಯಲ್ಲಿಯೂ ಎಷ್ಟೋ ವರ್ಷ ಅವಳು ಹೊರಗಿನಿಂದ ಬಂದವಳೇ. ಎರಡು ಊರು ಇದ್ದೂ ಒಂದೂ ಪೂರ್ತಿ ತನ್ನದಲ್ಲದ ಈ ಸ್ಥಿತಿಯ ದುಃಖವನ್ನು ನಮ್ಮ ಜನಪದ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕೂತು ತಲೆತಲಾಂತರದಿಂದ ಹಾಡಿಕೊಂಡು ಬಂದಿದ್ದಾರೆ.

ಮಣಿಪುರದ ಉಖ್ರುಲ್ ಜಿಲ್ಲೆಯ ತಾಂಗ್‌ಖುಲ್ ನಾಗಾ ಜನರಲ್ಲಿ ಇದೇ ಸ್ಥಿತಿಗೆ ಒಂದು ಹೆಸರಿತ್ತು, ಒಂದು ಗೌರವವೂ ಇತ್ತು. ಒಂದು ಊರಿನಿಂದ ಇನ್ನೊಂದು ಊರಿಗೆ ಮದುವೆಯಾಗಿ ಹೋದ ಹೆಣ್ಣನ್ನು ಅವರು 'ಪುಕ್ರೈಲಾ' ಎಂದು ಕರೆಯುತ್ತಿದ್ದರು. ಊರು ಊರುಗಳ ನಡುವೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಆಕೆಯ ಮೇಲೆ ಎರಡು ಕಡೆಯವರೂ ಕೈ ಮಾಡುವಂತಿರಲಿಲ್ಲ. ಒಂದು ಪಕ್ಷದಲ್ಲಿ ಅಣ್ಣತಮ್ಮಂದಿರು, ಇನ್ನೊಂದು ಪಕ್ಷದಲ್ಲಿ ಗಂಡ, ಮೈದುನರು. ಆಕೆ ಕಾದಾಟದ ನಡುವೆ ಹೋಗಿ ನಿಂತು ಹೊಡೆದಾಟವನ್ನು ತಡೆಯಬಹುದಿತ್ತು, ಗಾಯಗೊಂಡವರನ್ನು ಉಪಚರಿಸಬಹುದಿತ್ತು, ಸಂಧಾನದ ಮಾತನ್ನು ಆಚೆಗೂ ಈಚೆಗೂ ಒಯ್ಯಬಹುದಿತ್ತು. ನಮ್ಮಲ್ಲಿ ಯಾವ ಕಾರಣಕ್ಕಾಗಿ ಹೆಣ್ಣು ಕುಲಕ್ಕೆ ಹೊರಗಾದಳೋ, ಅದೇ ಕಾರಣಕ್ಕಾಗಿ ಅಲ್ಲಿ ಅವಳು ಎರಡು ಕುಲಗಳ ನಡುವಣ ಸೇತುವೆಯಾದಳು. ಇಂದಿನ ನನ್ನ ಮಾತಿಗೆ ಈ ಪುಕ್ರೈಲಾಳೇ ಆಧಾರ.

ಮೊದಲು ಒಂದು ತಪ್ಪೊಪ್ಪಿಗೆ. ಸಶಸ್ತ್ರ ಸಂಘರ್ಷ ಎಂದೊಡನೆ ನಮಗೆ ಬಂದೂಕು ಹಿಡಿದವರ ಚಿತ್ರ ಮಾತ್ರ ಕಣ್ಣಿಗೆ ಕಟ್ಟುತ್ತದೆ. ಬಂದೂಕಿನ ಸದ್ದು ಅಡಗಿದ ಮೇಲೆ ಯಾರ ಬದುಕು ಹೇಗೆ ಸಾಗುತ್ತದೆ ಎಂಬುದು ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ. ಮಣಿಪುರದ ಕಣಿವೆಯ ಒಂದು ಕಚೇರಿಯಲ್ಲಿ ಪರಿಹಾರ ಧನದ ಅರ್ಜಿಗಳ ಪರಿಶೀಲನೆ ಕೆಲವು ಕಾಲ ನನ್ನ ಪಾಲಿಗೆ ಬಂದಿತ್ತು. ಗಂಡನನ್ನು ಕಳೆದುಕೊಂಡ ಒಬ್ಬ ತರುಣಿಯ ಅರ್ಜಿಯಲ್ಲಿ ಸಾವಿನ ದಿನಾಂಕ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಇತ್ತು. ಆತ ಮನೆಯಿಂದ ಹೊರಟು ಹನ್ನೊಂದು ದಿನಗಳ ಮೇಲೆ ಹೆಣ ಸಿಕ್ಕಿತ್ತು. ನಾನು ನಿಯಮದ ಪ್ರಕಾರ 'ದಿನಾಂಕಗಳಲ್ಲಿ ತಾಳೆಯಿಲ್ಲ. ಸ್ಪಷ್ಟೀಕರಣ ಪಡೆದು ಮಂಡಿಸುವುದು' ಎಂದು ಬರೆದು ಕಡತವನ್ನು ಹಿಂದಕ್ಕೆ ಕಳಿಸಿದೆ. ಒಂದೂವರೆ ಸಾಲಿನ ಟಿಪ್ಪಣಿ. ಬರೆದ ಮರುಗಳಿಗೆಯಲ್ಲಿಯೇ ಮರೆತೆ.

ಎಂಟು ತಿಂಗಳ ನಂತರ ಆ ಹೆಣ್ಣುಮಗಳು ನನ್ನ ಕೋಣೆಗೆ ಬಂದಳು. ಅದಕ್ಕೆ ಮುಂಚೆ ನಾಲ್ಕು ಸಲ ಬಂದು ಹೊರಗಿನಿಂದಲೇ ಹಿಂತಿರುಗಿದ್ದಳಂತೆ. ಸ್ಪಷ್ಟೀಕರಣ ಕೊಡಬೇಕಾದ ಠಾಣೆಗೆ ಒಬ್ಬಳೇ ಹೋಗಲು ಅವಳಿಗೆ ಭಯ. ಐದನೆಯ ಸಲ ಅವಳೊಡನೆ ಮಾರುಕಟ್ಟೆಯ ಆರೇಳು ಹೆಂಗಸರು ಬಂದಿದ್ದರು. ಅವರಲ್ಲಿ ಮೀನು ಮಾರುವ ಒಬ್ಬ ಮುದುಕಿ, ನನ್ನ ಗುಮಾಸ್ತನ ಮೂಲಕ, ಸಿಟ್ಟಿಲ್ಲದೆ ಹೇಳಿದಳು: "ಮಗಳೇ, ಅವಳಿಗೆ ಅನ್ನ ಮಾಡಿ ಕಾದು ಕೂತ ದಿನ ಗೊತ್ತು. ಹೆಣ ಬಂದ ದಿನ ಗೊತ್ತು. ನಡುವೆ ಯಾವ ದಿನ ಅವನು ಸತ್ತ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?" ನನ್ನಲ್ಲಿ ಉತ್ತರವಿರಲಿಲ್ಲ. ಕಡತವನ್ನು ತರಿಸಿ ಹೆಣ ಸಿಕ್ಕ ದಿನವನ್ನೇ ಪರಿಗಣಿಸಬಹುದೆಂದು ಬರೆದೆ. ಹಾಗೆ ಬರೆಯಲು ಯಾವ ಹೊಸ ನಿಯಮವೂ ಬೇಕಾಗಿರಲಿಲ್ಲ; ಎಂಟು ತಿಂಗಳ ಹಿಂದೆಯೇ ಬರೆಯಬಹುದಾಗಿತ್ತು. ಆ ಎಂಟು ತಿಂಗಳನ್ನು ಅವಳಿಗೆ ಹಿಂದಿರುಗಿಸಲು ನನ್ನಿಂದಾಗಲಿಲ್ಲ. ಸಂಘರ್ಷದಲ್ಲಿ ಸಾಯುವವರಲ್ಲಿ ಗಂಡಸರು ಹೆಚ್ಚು. ಸಾವನ್ನು ರುಜುವಾತು ಮಾಡುವ ಹೊಣೆ ಮಾತ್ರ ಹೆಂಗಸರದು ಎಂಬುದು ನನಗೆ ಅಂದು ತಿಳಿಯಿತು.

ಆ ಮುದುಕಿ ಮಾರುಕಟ್ಟೆಯವಳು ಎಂಬುದು ಆಕಸ್ಮಿಕವಲ್ಲ. ಇಂಫಾಲದ 'ಇಮಾ ಕೈಥೇಲ್', ಎಂದರೆ ತಾಯಂದಿರ ಮಾರುಕಟ್ಟೆಯಲ್ಲಿ, ವ್ಯಾಪಾರ ಮಾಡುವವರೆಲ್ಲ ಹೆಂಗಸರೇ. ಹಿಂದೆ ಅರಸರ ಕಾಲದಲ್ಲಿ 'ಲಲ್ಲುಪ್' ಎಂಬ ಕಡ್ಡಾಯ ಸೇವೆಯಿತ್ತು. ನಲವತ್ತು ದಿನಗಳಿಗೆ ಹತ್ತು ದಿನ ಗಂಡಸರು ಅರಸನ ಕೆಲಸಕ್ಕೆ, ಯುದ್ಧಕ್ಕೆ ಹೋಗಬೇಕಾಗಿತ್ತು. ಹೀಗಾಗಿ ಬೇಸಾಯದ ಬಹುಭಾಗವೂ ಪೇಟೆಯೂ ಹೆಂಗಸರ ಕೈಗೆ ಬಂದವು. ಪೇಟೆ ಕೈಯಲ್ಲಿದ್ದವರಿಗೆ ಸುದ್ದಿಯೂ ಕೈಯಲ್ಲಿರುತ್ತದೆ, ಒಗ್ಗಟ್ಟೂ ಇರುತ್ತದೆ. 1904ರಲ್ಲಿ ಬ್ರಿಟಿಷ್ ಅಧಿಕಾರಿಯ ಸುಟ್ಟ ಬಂಗಲೆಯನ್ನು ಬಿಟ್ಟಿ ದುಡಿಮೆಯಿಂದ ಕಟ್ಟಿಕೊಡಬೇಕೆಂಬ ಆಜ್ಞೆಯನ್ನು ಹೆಂಗಸರು ಸಾವಿರಗಟ್ಟಲೆ ಸೇರಿ ಪ್ರತಿಭಟಿಸಿದರು. 1939ರ ಡಿಸೆಂಬರ್ 12ರಂದು, ಜನರಿಗೆ ಅಕ್ಕಿಯಿಲ್ಲದಿರುವಾಗ ಅಕ್ಕಿಯನ್ನು ಹೊರಗೆ ಸಾಗಿಸುವುದನ್ನು ವಿರೋಧಿಸಿ ದರ್ಬಾರು ಕಚೇರಿಯನ್ನು ಮುತ್ತಿದರು. ಇವೆರಡನ್ನೂ ಮಣಿಪುರದ ಇತಿಹಾಸ 'ನುಪಿ ಲಾನ್', ಎಂದರೆ ಹೆಂಗಸರ ಯುದ್ಧ ಎಂದು ನೆನೆಯುತ್ತದೆ.

ಈ ಪರಂಪರೆಯಲ್ಲಿಯೇ ಹುಟ್ಟಿದವರು 'ಮೈರಾ ಪೈಬಿ'ಗಳು, ಪಂಜು ಹಿಡಿದವರು. 1970ರ ದಶಕದಲ್ಲಿ ಹೆಂಡದ ಹಾವಳಿಯ ವಿರುದ್ಧ ರಾತ್ರಿ ಬೀದಿ ಕಾಯುತ್ತಿದ್ದ ಹೆಂಗಸರು, 1980ರಲ್ಲಿ ಇಡೀ ಮಣಿಪುರವನ್ನು ಪ್ರಕ್ಷುಬ್ಧ ಪ್ರದೇಶವೆಂದು ಘೋಷಿಸಿ 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆಯನ್ನು ಹರಡಿದ ಮೇಲೆ, ಮಕ್ಕಳನ್ನು ಕಾಯತೊಡಗಿದರು. ರಾತ್ರಿ ಶೋಧನೆಗೆ ಯಾರಾದರೂ ಬಂದರೆ ಒಬ್ಬಾಕೆ ದೀಪದ ಕಂಬವನ್ನು ಕಲ್ಲಿನಿಂದ ಬಡಿಯುತ್ತಾಳೆ. ಆ ಸದ್ದು ಕೇಳಿ ಮುಂದಿನ ಬೀದಿಯವಳು ಬಡಿಯುತ್ತಾಳೆ. ಕ್ಷಣಾರ್ಧದಲ್ಲಿ ಕೇರಿಯ ಹೆಂಗಸರೆಲ್ಲ ಹೊರಗೆ. ಆ ಸದ್ದನ್ನು ನಾನು ಒಂದು ರಾತ್ರಿ ಕೇಳಿದ್ದೇನೆ. ಅದನ್ನು ಕೇಳಿದವರು ಮರೆಯಲಾರರು.

ಇಲ್ಲಿ ಎರಡು ದಿನಾಂಕಗಳನ್ನು ಒಟ್ಟಿಗೆ ನೆನೆಯಬೇಕು. 2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 1325ನೆಯ ನಿರ್ಣಯವನ್ನು ಅಂಗೀಕರಿಸಿತು. ಸಂಘರ್ಷಗಳ ತಡೆಯಲ್ಲಿ, ಸಂಧಾನದಲ್ಲಿ, ಪುನರ್ನಿರ್ಮಾಣದಲ್ಲಿ ಮಹಿಳೆಯರಿಗೆ ಪಾಲಿರಬೇಕು ಎಂದು ಆ ಮಂಡಳಿ ಒಪ್ಪಿಕೊಂಡದ್ದು ಅದೇ ಮೊದಲು. ಮೂರನೆಯ ದಿನ, ನವೆಂಬರ್ 2ರಂದು, ಇಂಫಾಲದ ಬಳಿಯ ಮಾಲೋಮ್ ಎಂಬಲ್ಲಿ ಬಸ್ಸಿಗಾಗಿ ಕಾಯುತ್ತಿದ್ದವರೂ ಸೇರಿ ಹತ್ತು ಮಂದಿ ನಾಗರಿಕರು ಗುಂಡಿಗೆ ಬಲಿಯಾದರು. ಇರೋಮ್ ಶರ್ಮಿಳಾ ಉಪವಾಸ ಆರಂಭಿಸಿದರು. ಮೂಗಿನ ನಳಿಕೆಯ ಮೂಲಕ ಬಲವಂತದ ಆಹಾರದಲ್ಲಿ ಬದುಕಿದ ಆ ಉಪವಾಸ ಮುಗಿದದ್ದು 2016ರ ಆಗಸ್ಟ್ 9ರಂದು. ನ್ಯೂಯಾರ್ಕಿನ ಕಾಗದಕ್ಕೂ ಮಾಲೋಮಿನ ರಸ್ತೆಗೂ ನಡುವೆ ಅಂತರವೇನೆಂದರೆ, ನಮ್ಮ ಸರಕಾರಿ ಭಾಷೆಯಲ್ಲಿ ಈಶಾನ್ಯದಲ್ಲಿ ನಡೆಯುವುದು 'ಸಶಸ್ತ್ರ ಸಂಘರ್ಷ'ವೇ ಅಲ್ಲ. ಅದು 'ಆಂತರಿಕ ಭದ್ರತೆ'ಯ ಪ್ರಶ್ನೆ. ಹೆಸರು ಬದಲಾದರೆ ನಿರ್ಣಯ ಅನ್ವಯಿಸುವುದಿಲ್ಲ. ಗಾಯ ಮಾತ್ರ ಬದಲಾಗುವುದಿಲ್ಲ.

2004ರ ಜುಲೈಯಲ್ಲಿ ಅರೆಸೇನಾ ಪಡೆಯವರು ವಶಕ್ಕೆ ತೆಗೆದುಕೊಂಡ ಥಾಂಗ್ಜಮ್ ಮನೋರಮಾ ಎಂಬ ಯುವತಿಯ ಶವ ಗುಂಡೇಟುಗಳೊಡನೆ ದೊರೆಯಿತು. ಜುಲೈ 15ರಂದು ಹನ್ನೆರಡು ಮಂದಿ ಹಿರಿಯ ಹೆಂಗಸರು ಕಾಂಗ್ಲಾ ಕೋಟೆಯ ಬಾಗಿಲ ಮುಂದೆ ಬಟ್ಟೆ ಕಳಚಿ ನಿಂತರು. ಈ ಘಟನೆಯನ್ನು ಹೇಳುವಾಗ ಇಂದಿಗೂ ನನ್ನ ದನಿ ನಡುಗುತ್ತದೆ. ಯಾವ ಮೈಯನ್ನು ಅವಮಾನದ ಕ್ಷೇತ್ರವೆಂದು ಯುದ್ಧ ತಿಳಿದುಕೊಂಡಿದೆಯೋ ಅದೇ ಮೈಯನ್ನು ಆ ಅಜ್ಜಿಯರು ಪ್ರಶ್ನೆಯಾಗಿ ನಿಲ್ಲಿಸಿದರು. ಅದೇ ವರ್ಷ ನವೆಂಬರಿನಲ್ಲಿ ಕಾಂಗ್ಲಾ ಕೋಟೆ ರಾಜ್ಯಕ್ಕೆ ಮರಳಿತು. ಇಂಫಾಲದ ಏಳು ವಿಧಾನಸಭಾ ಕ್ಷೇತ್ರಗಳಿಂದ ವಿಶೇಷಾಧಿಕಾರ ಹಿಂದೆ ಸರಿಯಿತು. ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ 2005ರಲ್ಲಿ ಆ ಕಾಯಿದೆಯನ್ನು ರದ್ದುಪಡಿಸಲು ಶಿಫಾರಸು ಮಾಡಿತು. ಕಾಯಿದೆ ರದ್ದಾಗಲಿಲ್ಲ. ಗಂಡಂದಿರನ್ನೂ ಮಕ್ಕಳನ್ನೂ ಕಳೆದುಕೊಂಡ ಕುಟುಂಬಗಳು, ಅವರಲ್ಲಿ ಬಹುಪಾಲು ವಿಧವೆಯರು, ಒಟ್ಟಾಗಿ 1528 ಸಾವುಗಳ ಪಟ್ಟಿ ಮಾಡಿ ಸುಪ್ರೀಂ ಕೋರ್ಟಿಗೆ ಹೋದರು. 2016ರ ಜುಲೈಯಲ್ಲಿ ನ್ಯಾಯಾಲಯ, ಪ್ರಕ್ಷುಬ್ಧ ಪ್ರದೇಶದಲ್ಲಿಯೂ ಮಿತಿಮೀರಿದ ಬಲಪ್ರಯೋಗಕ್ಕೆ ಉತ್ತರ ಹೇಳಬೇಕು ಎಂದು ತೀರ್ಪಿತ್ತಿತು. ನಾನು ಕಡತ ಹಿಂತಿರುಗಿಸಿದ ತರುಣಿಯಂಥವರೇ ಕಡತ ಕಟ್ಟುವುದನ್ನು ಕಲಿತಿದ್ದರು.

ಇನ್ನು ನಾಗಾಲ್ಯಾಂಡಿನ ಕಡೆಗೆ. 1984ರಲ್ಲಿ ಕೊಹಿಮಾದಲ್ಲಿ ನಾಗಾ ತಾಯಂದಿರ ಸಂಘ ಹುಟ್ಟಿತು. ಆರಂಭದಲ್ಲಿ ಅವರ ಚಿಂತೆ ಮದ್ಯ, ಮಾದಕ ವಸ್ತುಗಳದು. ಆದರೆ 1988ರಲ್ಲಿ ನಾಗಾ ಸಂಘಟನೆ ಒಡೆದ ಮೇಲೆ ನಾಗರೇ ನಾಗರನ್ನು ಕೊಲ್ಲುವುದು ನಿತ್ಯದ ಸುದ್ದಿಯಾಯಿತು. 1994ರಲ್ಲಿ ಈ ತಾಯಂದಿರು, ಇನ್ನು ರಕ್ತ ಹರಿಸುವುದು ಸಾಕು ಎಂಬ ಕರೆಯೊಂದಿಗೆ ಹೊರಟರು. ಪರಸ್ಪರ ಕಾದಾಡುತ್ತಿದ್ದ ಬಣಗಳ ನಾಯಕರನ್ನು ಅವರ ಶಿಬಿರಗಳಿಗೇ ಹೋಗಿ ಕಂಡರು, ಸರಕಾರದವರನ್ನೂ ಕಂಡರು. ಯಾರೂ ಕೇಳುವವರಿಲ್ಲದೆ ಬಿದ್ದ ಹೆಣಗಳಿಗೆ ಬಟ್ಟೆ ಹೊದಿಸಿ ಗೌರವದಿಂದ ಮಣ್ಣು ಮಾಡಿಸಿದರು. ಸತ್ತವನು ಯಾವ ಬಣದವನು, ಯಾವ ಪಂಗಡದವನು ಎಂದು ಕೇಳಲಿಲ್ಲ. ಶತ್ರುವಿನ ಹೆಣವೂ ಒಬ್ಬ ತಾಯಿಯ ಮಗ ಎಂದು ತೋರಿಸುವುದಕ್ಕೆ ಇದಕ್ಕಿಂತ ದೊಡ್ಡ ಭಾಷಣ ಬೇಕೇ? ಈ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ನೈಡೋನುವೋ ಅಂಗಾಮಿ ಅವರಿಗೆ 2000ದಲ್ಲಿ ಪದ್ಮಶ್ರೀ ದೊರೆಯಿತು. 1997ರಲ್ಲಿ ಕದನವಿರಾಮವಾಯಿತು. ಅದರ ಹಿಂದೆ ಅನೇಕ ಕಾರಣಗಳಿದ್ದವು. ಆದರೆ ಜನಮನವನ್ನು ಹದಗೊಳಿಸಿದವರಲ್ಲಿ ಈ ತಾಯಂದಿರೂ ಇದ್ದರು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಹಾಗಾದರೆ ಅವರಿಗೆ ದಕ್ಕಿದ್ದೇನು? 2015ರ ಆಗಸ್ಟ್ 3ರಂದು ಆದ ಚೌಕಟ್ಟಿನ ಒಪ್ಪಂದದ ಸಹಿಗಳಲ್ಲಿ ಒಂದು ಹೆಣ್ಣಿನ ಹೆಸರೂ ಇಲ್ಲ. ಅದೇ ತಾಯಂದಿರು ಪೌರಸಭೆಗಳಲ್ಲಿ ಮೂರನೆಯ ಒಂದು ಪಾಲು ಸ್ಥಾನ ಕೇಳಿ ನ್ಯಾಯಾಲಯಕ್ಕೆ ಹೋದಾಗ, ಇದು ನಾಗಾ ಸಂಪ್ರದಾಯಕ್ಕೆ ವಿರುದ್ಧ ಎಂಬ ಕೂಗೆದ್ದಿತು. 2017ರ ಆರಂಭದಲ್ಲಿ ಗಲಭೆಯಾಗಿ ದಿಮಾಪುರದಲ್ಲಿ ಇಬ್ಬರು ಯುವಕರು ಸತ್ತರು, ಕೊಹಿಮಾದಲ್ಲಿ ಸರಕಾರಿ ಕಟ್ಟಡಗಳು ಸುಟ್ಟವು, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮೀಸಲಾತಿಯೊಡನೆ ಚುನಾವಣೆ ನಡೆದದ್ದು 2024ರ ಜೂನ್ ತಿಂಗಳಲ್ಲಿ, ಇಪ್ಪತ್ತು ವರ್ಷಗಳ ಮೇಲೆ. 1963ರಲ್ಲಿ ರಾಜ್ಯವಾದ ನಾಗಾಲ್ಯಾಂಡಿನ ವಿಧಾನಸಭೆಗೆ ಮೊದಲ ಬಾರಿ ಇಬ್ಬರು ಮಹಿಳೆಯರು ಆರಿಸಿ ಬಂದದ್ದು 2023ರಲ್ಲಿ.

ಹೆಣ್ಣು ತಾಯಿಯಾಗಿ ಅತ್ತಾಗ ಎಲ್ಲರೂ ತಲೆಬಾಗಿದರು; ಪ್ರಜೆಯಾಗಿ ಕುರ್ಚಿ ಕೇಳಿದಾಗ ಸಂಪ್ರದಾಯ ನೆನಪಾಯಿತು. ಇದು ನಾಗರಲ್ಲಿ ಮಾತ್ರ ಇರುವ ದೋಷವೆಂದು ನಾವು ಬೀಗಬೇಕಾಗಿಲ್ಲ. ನಮ್ಮ ಕರ್ನಾಟಕ 1983ರ ಕಾಯಿದೆಯ ಮೂಲಕ, ದೇಶದ ಸಂವಿಧಾನ ತಿದ್ದುಪಡಿಗೆ ಹತ್ತು ವರ್ಷ ಮೊದಲೇ, ಪಂಚಾಯತಿಗಳಲ್ಲಿ ಮಹಿಳೆಯರಿಗೆ ಕಾಲು ಪಾಲು ಸ್ಥಾನ ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರು ಆರಿಸಿ ಬಂದರು. ಇದು ಹೆಮ್ಮೆಯ ಮಾತು. ಆದರೆ ಅವರ ಬದಲು ಗಂಡಂದಿರು ಸಭೆಗೆ ಬಂದು ಕೂತ ಕತೆಗಳೂ ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಹೆಣ್ಣು ಸ್ವಭಾವತಃ ಶಾಂತಿಪ್ರಿಯೆ, ಅವಳ ಕೈಗೆ ಲೋಕವನ್ನು ಕೊಟ್ಟರೆ ಯುದ್ಧವೇ ಇರದು ಎಂದು ತಾವು ತೀರ್ಮಾನಿಸಿದರೆ ನಾನು ತಮಗೆ ಅನ್ಯಾಯ ಮಾಡಿದಂತೆ. 2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವೆ ಹೊತ್ತಿದ ಬೆಂಕಿ ಇನ್ನೂರೈವತ್ತಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ಸುಮಾರು ಅರುವತ್ತು ಸಾವಿರ ಜನ ಮನೆ ಬಿಟ್ಟರು. ಮೇ 4ರಂದು ಕುಕಿ ಹೆಣ್ಣುಮಕ್ಕಳನ್ನು ಬೆತ್ತಲೆ ನಡೆಸಿದ ದೃಶ್ಯ ಜುಲೈಯಲ್ಲಿ ಹೊರಬಂದಾಗ ದೇಶವೇ ನಾಚಿತು. ಅದೇ ದಿನಗಳಲ್ಲಿ, ನಾನು ಮೆಚ್ಚಿ ಮಾತನಾಡಿದ ಪಂಜಿನ ತಾಯಂದಿರಲ್ಲಿ ಹಲವರು ರಸ್ತೆಗಳಲ್ಲಿ ಕೂತು ಸೇನೆಯ ವಾಹನಗಳನ್ನು ತಡೆದರು. ಜೂನ್ ತಿಂಗಳಲ್ಲಿ ಇಥಾಮ್ ಎಂಬ ಹಳ್ಳಿಯಲ್ಲಿ ಹೆಂಗಸರ ಮುಂದಾಳತ್ವದ ದೊಡ್ಡ ಗುಂಪು ಸುತ್ತುವರಿದಾಗ ಸೇನೆ ತಾನು ಹಿಡಿದಿದ್ದ ಹನ್ನೆರಡು ಮಂದಿ ಶಸ್ತ್ರಧಾರಿಗಳನ್ನು ಬಿಟ್ಟು ಬರಬೇಕಾಯಿತು. ಕುಕಿ ಹೆಂಗಸರೂ ತಮ್ಮ ಬೆಟ್ಟದ ದಾರಿಗಳನ್ನು ಕಟ್ಟಿದರು. ಹೆಂಗಸರ ಗುಂಪೇ ಇನ್ನೊಂದು ಸಮುದಾಯದ ಹೆಣ್ಣನ್ನು ಗಂಡಸರ ಕೈಗೆ ಒಪ್ಪಿಸಿತೆಂಬ ಆರೋಪವೂ ಕೇಳಿಬಂತು. ನನ್ನ ಕೋಣೆಗೆ ಬಂದ ಆ ಮೀನಿನ ಮುದುಕಿ ಬದುಕಿದ್ದರೆ ಅಂದು ಎಲ್ಲಿ ನಿಂತಿದ್ದಳು? ಈ ಪ್ರಶ್ನೆ ನನ್ನನ್ನು ಎಷ್ಟೋ ರಾತ್ರಿ ಕಾಡಿದೆ.

ಯೋಚಿಸಿದಷ್ಟೂ ನನಗೆ ತೋರುವುದು ಇದು: ತಾಯ್ತನವೊಂದೇ ಶಾಂತಿಯನ್ನು ತರಲಾರದು. ತಾಯಿ ತನ್ನ ಮಗನನ್ನು ಕಾಯುತ್ತಾಳೆ. ತನ್ನ ಮಗ ಎಂಬುದರ ಗಡಿ ಎಲ್ಲಿ ನಿಂತಿದೆಯೋ ಅವಳ ಕರುಣೆಯೂ ಅಲ್ಲಿಯೇ ನಿಲ್ಲುವ ಭಯವಿದೆ. ನಾಗಾ ತಾಯಂದಿರು ಬಣದ ಗಡಿಯನ್ನು ದಾಟಿದ್ದರಿಂದ ಗೆದ್ದರು. ಮಣಿಪುರದ ತಾಯಂದಿರು 2004ರಲ್ಲಿ ಬಂದೂಕಿನ ಮುಂದೆ ನಿಂತಾಗ ಅಸಾಮಾನ್ಯರು. ನೆರೆಯವನೇ ಶತ್ರುವಾದ 2023ರಲ್ಲಿ ಅವರ ಮುಂದೆ ದಾಟಬೇಕಾದ ಗಡಿ ಬೇರೆಯಾಗಿತ್ತು. ಪುಕ್ರೈಲಾಳ ಶಕ್ತಿ ಅವಳ ಗರ್ಭದಲ್ಲಿರಲಿಲ್ಲ, ಅವಳ ಸೌಮ್ಯ ಸ್ವಭಾವದಲ್ಲಿಯೂ ಇರಲಿಲ್ಲ. ಅವಳಿಗೆ ಎರಡು ಊರುಗಳಿದ್ದವು. ಯಾರು ಸತ್ತರೂ ಅವಳ ಮನೆಯಲ್ಲಿ ಸೂತಕ. ಅವಳ ಶಾಂತಿ ಅಲ್ಲಿಂದ ಹುಟ್ಟಿತ್ತು.

ಬಂಧುಗಳೇ, ದೂರದ ಬೆಟ್ಟಗಳ ಈ ಮಾತು ನಮಗೇಕೆ ಎಂದು ಕೆಲವರಿಗಾದರೂ ಅನಿಸಿರಬಹುದು. ಹೊರನಾಡಿನಲ್ಲಿ ನೆಲೆಸಿದ ನಾವೆಲ್ಲ, ಗಂಡಸರೂ ಸೇರಿ, ಎರಡು ಊರಿನವರೇ ಅಲ್ಲವೇ? ಊರಿಗೆ ಹೋದರೆ 'ಹೊರಗಿನವರು ಬಂದರು' ಎನ್ನುತ್ತಾರೆ; ಇಲ್ಲಿ ಎಷ್ಟು ವರ್ಷ ಇದ್ದರೂ 'ನಿಮ್ಮದು ಯಾವ ಕಡೆ?' ಎಂಬ ಪ್ರಶ್ನೆ ತಪ್ಪುವುದಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ತೀರ್ಪಿನ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಯಾಯಿತು. ಅತ್ತ ತಮಿಳುನಾಡಿನಲ್ಲಿ ಕನ್ನಡಿಗರು ಬಾಗಿಲು ಹಾಕಿಕೊಂಡು ಕೂತರು. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಬಸ್ಸುಗಳು ಉರಿದವು. ಒಂದು ಕಡೆ ಕಲ್ಲು ಎಸೆದವರಿಗೆ ಇನ್ನೊಂದು ಕಡೆ ಗಾಜು ಒಡೆಯುವುದು ತಮ್ಮವರದೇ ಎಂಬುದು ಕಾಣುವುದಿಲ್ಲ. ಅದು ಕಾಣುವುದು ಎರಡು ಊರಿನವರಿಗೆ ಮಾತ್ರ. ಅಂಥ ದಿನಗಳಲ್ಲಿ ನಮ್ಮ ಸಂಘಗಳು ಊರಿನ ಪರವಾಗಿ ಖಂಡನಾ ನಿರ್ಣಯ ಮಾಡಿದ್ದುಂಟು, ಇಲ್ಲವೇ ಮೌನವಾಗಿ ಬಾಗಿಲು ಹಾಕಿಕೊಂಡದ್ದುಂಟು. ಎರಡೂ ಕಡೆಗೆ ಮಾತು ಒಯ್ಯುವ ಮೂರನೆಯ ಕೆಲಸ ನಮ್ಮದು ಎಂದು ನಾವು ತಿಳಿದದ್ದು ಕಡಿಮೆ.

ಆ ಕೆಲಸವನ್ನು ದಿನವೂ ಮಾಡುತ್ತಿರುವವರು ಯಾರು? ನೆರೆಯವರ ಭಾಷೆಯನ್ನು ಮೊದಲು ಕಲಿತವರು ನಮ್ಮ ಮನೆಯ ಹೆಂಗಸರು. ನಲ್ಲಿಯ ಬಳಿ, ತರಕಾರಿ ಗಾಡಿಯ ಬಳಿ, ಮಕ್ಕಳ ಶಾಲೆಯ ಬಾಗಿಲಲ್ಲಿ ಕಲಿತದ್ದು. ಹಬ್ಬದ ದಿನ ಹೋಳಿಗೆ ಯಾವ ಮನೆಗೆ ಹೋಗಬೇಕು, ಯಾವ ಮನೆಯಲ್ಲಿ ಸಾವಾದರೆ ಯಾರು ಅಡಿಗೆ ಮಾಡಿ ಕಳಿಸಬೇಕು ಎಂಬುದು ಅವರಿಗೆ ಗೊತ್ತು. ಇಷ್ಟೆಲ್ಲ ಗೊತ್ತಿರುವವರಿಗೆ ನಮ್ಮ ಸಂಘಗಳು ಕೊಟ್ಟಿರುವ ಕೆಲಸ ರಂಗೋಲಿ ಸ್ಪರ್ಧೆ ಮತ್ತು ರಾಜ್ಯೋತ್ಸವದ ಊಟದ ಉಸ್ತುವಾರಿ. ಕಾರ್ಯಕಾರಿ ಸಮಿತಿಯಲ್ಲಿ ಅವರೆಷ್ಟು ಮಂದಿ ಎಂದು ನಾನು ಇಲ್ಲಿ ಎಣಿಸಿ ಹೇಳುವುದಿಲ್ಲ. ವೇದಿಕೆಯ ಮೇಲಿರುವ ಹಿರಿಯರು ಮನ್ನಿಸಬೇಕು, ತಾವೇ ಎಣಿಸಿಕೊಳ್ಳಬೇಕು. ಮುಂದಿನ ಸಲ ನೀರಿನ ಹೆಸರಿನಲ್ಲಿಯೋ ಗಡಿಯ ಹೆಸರಿನಲ್ಲಿಯೋ ಕಾವೇರಿದಾಗ, ನೆರೆಯವರ ಬಾಗಿಲಿಗೆ ಹೋಗಿ ಮಾತನಾಡುವ ನಿಯೋಗದಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಈಗಲೇ ನಿರ್ಣಯ ಮಾಡಿಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಅಂಥ ನಿರ್ಣಯ ಮಾಡಲು ಪುರುಸೊತ್ತು ಇರುವುದಿಲ್ಲ.

ನನ್ನ ತವರು ರಾಣೆಬೆನ್ನೂರಿನ ಕಡೆ. ನಮ್ಮ ಅಜ್ಜಿ ನನ್ನನ್ನು ಕಳಿಸಿಕೊಡುವಾಗ ಆ ಹಳೆಯ ಗಾದೆಯನ್ನು ಹೇಳಿ ಕಣ್ಣೊರಸಿಕೊಂಡಿದ್ದಳು. ಉಖ್ರುಲಿನ ಒಬ್ಬ ಸಹೋದ್ಯೋಗಿ ಮೊದಲ ಸಲ ಪುಕ್ರೈಲಾಳ ವಿಷಯ ಹೇಳಿದ ದಿನ ನಾನು ಅಜ್ಜಿಗೆ ಕಾಗದ ಬರೆದೆ: ಕುಲಕ್ಕೆ ಹೊರಗಾದವಳಿಗೂ ಒಂದು ಕೆಲಸವಿದೆಯಂತೆ ಅಜ್ಜೀ, ಅದು ಇಬ್ಬರ ನಡುವೆ ಹೋಗಿ ನಿಲ್ಲುವುದು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಯಾರಿಂದಲೋ ಓದಿಸಿ ಕೇಳಿದಳಂತೆ. ಆ ಕೆಲಸವನ್ನು ನಾನು ಎಷ್ಟರ ಮಟ್ಟಿಗೆ ಮಾಡಿದ್ದೇನೆ ಎಂದು ಕೇಳಿದರೆ, ಎಂಟು ತಿಂಗಳು ತಡವಾಗಿ ತಿದ್ದಿದ ಒಂದು ಕಡತವನ್ನು ಮಾತ್ರ ತೋರಿಸಬಲ್ಲೆ. ತಾವು ಅದಕ್ಕಿಂತ ಬೇಗ ಎಚ್ಚೆತ್ತುಕೊಳ್ಳುವಿರೆಂದು ನಂಬಿದ್ದೇನೆ.